ಸಿಪಿಕೆ ಟೆಸ್ಟ್ ಇದೆಯಾ? ಇಂಜೆಕ್ಷನ್ ವಿಷಯ ಮೊದಲು ಹೇಳಿ

ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ದಿನಾ ಮುಂಬೈ ಲೋಕಲ್ ರೈಲಿನಲ್ಲಿ ನಿಂತು ಹೋಗುವ ನಮ್ಮವರಿಗೆ ಸೊಂಟನೋವು ಹೊಸದಲ್ಲ. ತಡೆಯಲಾಗದಿದ್ದರೆ ಹತ್ತಿರದ ಕ್ಲಿನಿಕ್‌ನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಮರುದಿನ ರಕ್ತ ಕೊಟ್ಟರೆ ರಿಪೋರ್ಟ್‌ನಲ್ಲಿ ಸಿಪಿಕೆ ಜಾಸ್ತಿ! ಸಿಪಿಕೆ ಅಂದರೆ ಹಾರ್ಟ್ ಎಂದು ಕೇಳಿರುವ ಮನೆಯವರಿಗೆಲ್ಲ ಗಾಬರಿ.

ಸಿಪಿಕೆ, ಅಂದರೆ ಕ್ರಿಯೇಟಿನ್ ಕೈನೇಸ್, ಸ್ನಾಯುವಿನ ಜೀವಕೋಶದೊಳಗೆ ಇರುವ ಕಿಣ್ವ. ಕೋಶಕ್ಕೆ ಪೆಟ್ಟಾದರೆ ಅದು ರಕ್ತಕ್ಕೆ ಸೋರುತ್ತದೆ. ಇಂಥ ಇಂಜೆಕ್ಷನ್ ಸ್ನಾಯುವಿಗೇ ಕೊಡುವುದು. ಸೂಜಿ ಚುಚ್ಚಿದಾಗ ಆಗುವ ಗಾಯ ಸಣ್ಣದು. ಒಳಗೆ ಹೋದ ಔಷಧಿ ಸ್ನಾಯುವನ್ನು ಕೆರಳಿಸುವುದೇ ದೊಡ್ಡ ಕಾರಣ. ಡೈಕ್ಲೋಫೆನಾಕ್, ಡಯಾಜೆಪಾಮ್, ಕ್ಲೋರ್‌ಪ್ರೊಮಜೀನ್ ಇಂಥವು. ಕೆಲವು ಗಂಟೆಗಳಲ್ಲಿ ಅಂಕಿ ಏರಲು ಶುರುವಾಗಿ, ಸುಮಾರು ಒಂದು ದಿನದೊಳಗೆ ತುದಿ ಮುಟ್ಟುತ್ತದೆ. ಸಾಮಾನ್ಯವಾಗಿ 2–3 ದಿನಗಳಲ್ಲಿ ಇಳಿಯುತ್ತದೆ. ದಿನಾ ಚುಚ್ಚಿಸಿಕೊಳ್ಳುತ್ತಿದ್ದರೆ ಇಳಿಯಲು ಇನ್ನೂ ತಡ. ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್‌ನಲ್ಲಿ ಈ ತೊಂದರೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಟೆಸ್ಟ್, ಇಂಜೆಕ್ಷನ್ ಎರಡೂ ಒಂದೇ ದಿನ ಇದ್ದರೆ ಮೊದಲು ರಕ್ತ ಕೊಡಿ, ಆಮೇಲೆ ಇಂಜೆಕ್ಷನ್. ಈಗಾಗಲೇ ಹಾಕಿಸಿಕೊಂಡಿದ್ದರೆ ಟೆಸ್ಟನ್ನು ಮೂರು ದಿನ ಮುಂದೆ ಹಾಕಬಹುದೇ ಎಂದು ಡಾಕ್ಟರನ್ನು ಕೇಳಿ.

ಲ್ಯಾಬಿನಲ್ಲಿ ಹೆಚ್ಚಾಗಿ ಮರಾಠಿಯಲ್ಲಿ ‘ಉಪಾಶೀ ಆಹಾತ್ ಕಾ?’ ಎಂದು ಹೊಟ್ಟೆ ಖಾಲಿ ಇದೆಯಾ ಅಂತ ಮಾತ್ರ ಕೇಳುತ್ತಾರೆ. ಉಳಿದದ್ದನ್ನು ನೀವೇ ಹೇಳಬೇಕು. ಯಾವ ಇಂಜೆಕ್ಷನ್, ಯಾವಾಗ, ಎಲ್ಲಿಗೆ ಎಂದು ಫಾರ್ಮ್ ಮೇಲೆ ಬರೆಸಿ. ಇಂಜೆಕ್ಷನ್ ಚೀಟಿ ಇದ್ದರೆ ಜೊತೆಗಿಟ್ಟುಕೊಳ್ಳಿ. ಜಿಮ್‌ನಲ್ಲಿ ಭಾರ ಎತ್ತಿದ್ದು, ಜನವರಿಯ ಮುಂಬೈ ಮ್ಯಾರಥಾನ್ ಓಡಿದ್ದು, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ನುಂಗುವುದು, ಇವೂ ಮುಖ್ಯ. ಇವೂ ಸಿಪಿಕೆ ಏರಿಸಬಹುದು. ಹಾಗಂತ ಸ್ಟ್ಯಾಟಿನ್ ಅನ್ನು ನೀವೇ ನಿಲ್ಲಿಸಬೇಡಿ.

ರಿಪೋರ್ಟ್ ಬಂದ ಮೇಲೆ ಒಂದೇ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ಲಿವರ್ ಟೆಸ್ಟ್‌ನಲ್ಲಿ ನೋಡುವ ಎಸ್‌ಜಿಒಟಿ ಎಂಬ ಕಿಣ್ವ ಲಿವರ್‌ನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇದೆ. ಸಿಪಿಕೆ ಜೊತೆ ಅದೂ ಸ್ವಲ್ಪ ಏರಿದ್ದರೆ ಲಿವರ್ ಹಾಳಾಯಿತು ಎಂದೇ ಅರ್ಥವಲ್ಲ. ಹೃದಯದ ಸ್ನಾಯುವಿನ ಪೆಟ್ಟು ತಿಳಿಯಲು ಈಗ ಟ್ರೋಪೋನಿನ್ ಟೆಸ್ಟ್ ಇದೆ. ಸೊಂಟದ ಇಂಜೆಕ್ಷನ್‌ಗೆ ಅದು ಏರುವುದಿಲ್ಲ. ಅನುಮಾನವಿದ್ದರೆ ಕೆಲವು ದಿನ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಲ್ಯಾಬಿನಿಂದ ಲ್ಯಾಬಿಗೆ ಮಿತಿಗಳು ಬೇರೆ ಇರುತ್ತವೆ, ಅಲ್ವಾ?

ಆದರೆ ಎದೆನೋವು ಇದ್ದರೆ ಈ ಕಾಯುವ ಲೆಕ್ಕ ಯಾವುದೂ ಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಇಸಿಜಿ, ಟ್ರೋಪೋನಿನ್ ನೋಡುತ್ತಾರೆ. ಅಂಕಿ ಸಾವಿರಗಳಲ್ಲಿ ಬಂದರೆ, ಮೈಕೈ ತುಂಬಾ ನೊಂದರೆ, ಸುಸ್ತಾದರೆ ಇಂಜೆಕ್ಷನ್ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂರಬೇಡಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರಂತೂ ಸ್ನಾಯು ಕರಗಿ ಕಿಡ್ನಿಗೆ ಹೊರೆಯಾಗುತ್ತಿರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಿ.