ಊರಿನ ವರ್ಷೋತ್ಸವದಲ್ಲಿ ಹಳೆಯ ಮನೆಗಳನ್ನು ನೋಡುವ ಬಗೆ

ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ನಗರಾಡಳಿತದ ಅಡಿಗೆ ಬಂದವು. ಅಂಥ ವರ್ಷಗಳ ನೆನಪಿಗೆ ಉತ್ಸವ ನಡೆದಾಗ ಮೆರವಣಿಗೆ, ದೀಪಾಲಂಕಾರ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಈ ಊರುಗಳಿಗೆ ಹೆಸರು ತಂದವರು ಬಾಳಿದ ಮನೆಗಳನ್ನು ಮಾತ್ರ ನಾವೇ ಹುಡುಕಿಕೊಂಡು ಹೋಗಬೇಕು, ಅದಕ್ಕೆ ಸ್ವಲ್ಪ ಸಿದ್ಧತೆಯೂ ಬೇಕು.

ಮೊದಲು ಮನೆಗಳ ಆಯ್ಕೆ. ಅರ್ಧ ದಿನಕ್ಕೆ ಎರಡು ಮನೆ ಸಾಕು; ಅದಕ್ಕಿಂತ ಹೆಚ್ಚಾದರೆ ಬಾಗಿಲು ನೋಡಿ ಬಂದಂತಾಗುತ್ತದೆಯೇ ಹೊರತು ಮನೆ ನೋಡಿದಂತಾಗುವುದಿಲ್ಲ. ಧಾರವಾಡದಲ್ಲಿ ಸಾಧನಕೇರಿಯಿಂದ ಆರಂಭಿಸುವುದು ಒಳ್ಳೆಯದು. 1896ರಲ್ಲಿ ಹುಟ್ಟಿ 1981ರವರೆಗೆ ಬಾಳಿದ ವರಕವಿ ಬೇಂದ್ರೆಯವರ ಮನೆ ಅಲ್ಲಿದೆ. ಮನೆಯೊಳಗೆ ಹೋಗುವ ಮೊದಲು ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿರಿ, ಏಕೆಂದರೆ ಆ ನೀರನ್ನೂ ಮರಗಳನ್ನೂ ಬಿಟ್ಟು ಆ ಮನೆಯನ್ನು ಅರ್ಥ ಮಾಡಿಕೊಳ್ಳಲಾಗದು. ಅನಂತರ 1992ರಲ್ಲಿ ತೀರಿಕೊಂಡ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆಗೆ ಹೋಗಬಹುದು; ಅದು ಈಗ ಅವರ ಸ್ಮಾರಕವಾಗಿದೆ. ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದರೆ ದೇಶಪಾಂಡೆ ನಗರದಲ್ಲಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆ ಇದೆ. ಅವರು 1913ರಲ್ಲಿ ಜನಿಸಿದ್ದು ಧಾರವಾಡದ ಶುಕ್ರವಾರಪೇಟೆಯ ಮನೆಯಲ್ಲಿ. ಆ ಮನೆ ಸ್ಮಾರಕವಾದ ಮೇಲೂ ಶಿಥಿಲಗೊಂಡಿತೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಸ್ಮಾರಕದ ಫಲಕವನ್ನು ನಂಬಿ ಹೋಗದೆ, ಬಾಗಿಲು ತೆರೆದಿರುತ್ತದೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಒಂದು ದಿನ ಹೆಚ್ಚು ಸಿಕ್ಕರೆ ಹುಬ್ಬಳ್ಳಿಯ ಹತ್ತಿರದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿರಿ. ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಹೋಗುತ್ತಿದ್ದುದೂ ರೈಲಿನಲ್ಲಿಯೇ. ಅಲ್ಲಿಯ ನಾಡಿಗೇರ ವಾಡೆಯಲ್ಲಿ, ಅಂದರೆ ನಾಡಿಗೇರ ಮನೆತನದ ಹಳೆಯ ದೊಡ್ಡ ಮನೆಯಲ್ಲಿ, ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವ ನಡೆಯುತ್ತ ಬಂದಿದೆ. ಹಾಡು ಕೇಳಿದ ಗೋಡೆಗಳನ್ನು ಹಾಡಿನ ಜೊತೆಗೇ ನೋಡುವ ಅವಕಾಶ ಇನ್ನೆಲ್ಲಿಯೂ ಇಷ್ಟು ಚೆನ್ನಾಗಿ ಸಿಗದು.

ಇನ್ನು ಜನ ವಾಸಿಸುತ್ತಿರುವ ಹಳೆಯ ಮನೆಗಳ ಮಾತು. ಉತ್ಸವದ ಪಟ್ಟಿಯಲ್ಲಿ ಮನೆಯ ಹೆಸರಿದ್ದರೂ ಅದು ಪ್ರದರ್ಶನಾಲಯವಲ್ಲ. ಹಿಂದಿನ ದಿನವೇ ಮನೆಯ ಹಿರಿಯರಿಗೆ ಹೇಳಿಕಳಿಸಿ, ಬೆಳಿಗ್ಗೆ ಹತ್ತರ ನಂತರ, ಊಟದ ಹೊತ್ತಿಗೆ ಮೊದಲು ಹೋಗುವುದು ಯೋಗ್ಯ. ನಾಲ್ಕೈದು ಜನರಿಗಿಂತ ಹೆಚ್ಚು ಕೂಡಿ ಹೋಗಬಾರದು. ಪಾದರಕ್ಷೆ ಹೊರಗೆ ಬಿಟ್ಟು, ಪಡಸಾಲೆಯಲ್ಲಿ ಕೂತು, ಅವರು ಕೊಟ್ಟ ಚಹಾ ಕುಡಿದ ಮೇಲೆಯೇ ಮನೆ ನೋಡುವ ಮಾತೆತ್ತಬೇಕು. ದೇವರ ಮನೆಗೂ ಅಡುಗೆಮನೆಗೂ ಅವರಾಗಿ ಕರೆದರೆ ಮಾತ್ರ ಹೋಗಬೇಕು. ಮನೆಯ ಈಗಿನ ಬೆಲೆಯನ್ನಾಗಲಿ, ಅಣ್ಣತಮ್ಮಂದಿರ ಪಾಲಿನ ಸಂಗತಿಯನ್ನಾಗಲಿ ಕೇಳಲೇಬಾರದು. ಅನೇಕ ವಾಡೆಗಳು ದುರಸ್ತಿ ಕಾಣದೆ ನಿಂತಿರುವುದು ಪಾಲಿನ ತಕರಾರಿನಿಂದಲೇ, ಆ ನೋವನ್ನು ಅತಿಥಿಗಳು ಕೆದಕುವುದು ಸರಿಯಲ್ಲ.

ನೋಡುವುದನ್ನು ತಲೆಬಾಗಿಲಿನಿಂದ ಆರಂಭಿಸಿರಿ. ಬಾಗಿಲ ಹಿಂದೆ ಗೋಡೆಯಲ್ಲಿ ಚೌಕಾಕಾರದ ತೂತು ಕಂಡರೆ ಮನೆಯವರನ್ನು ಕೇಳಿ ಅದರೊಳಗಿನ ಅಗುಳಿಯನ್ನು ಎಳೆಯಿಸಿರಿ. ಮಾರುದ್ದದ ಮರದ ತೊಲೆಯೊಂದು ಗೋಡೆಯ ದಪ್ಪದೊಳಗಿಂದ ಸರಿದು ಬಂದು ಎರಡೂ ಕದಗಳ ಹಿಂದೆ ಅಡ್ಡ ನಿಲ್ಲುತ್ತದೆ. ಗೋಡೆ ಎಷ್ಟು ದಪ್ಪವೆಂಬುದು ಆಗ ತಿಳಿಯುತ್ತದೆ. ಬಳಿಕ ತಲೆಯೆತ್ತಿ ಮಾಳಿಗೆ ನೋಡಿರಿ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ತುಂಡುಗಳು, ಎಲ್ಲದರ ಮೇಲೆ ಮಣ್ಣು. ನಡುವೆ ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ನೆಲದ ಯಾವ ಭಾಗದಲ್ಲಿ ಬೀಳುತ್ತದೆ, ಮಳೆ ಬಂದಾಗ ಅದನ್ನು ಏನಿಟ್ಟು ಮುಚ್ಚುತ್ತಿದ್ದರು ಎಂದು ಕೇಳಿದರೆ ಅಜ್ಜಿಯಂದಿರು ಉತ್ಸಾಹದಿಂದ ಹೇಳುತ್ತಾರೆ. ಹುಬ್ಬಳ್ಳಿಯ ಪೂರ್ವಕ್ಕೆ ಎರೆಭೂಮಿಯ ಊರುಗಳಲ್ಲಿ ಇಂಥ ಮಣ್ಣಿನ ಮಾಳಿಗೆಗಳು ಹೆಚ್ಚು, ಮಲೆನಾಡಿನ ಅಂಚಿನಲ್ಲಿರುವ ಧಾರವಾಡದಲ್ಲಿ ಇಳಿಜಾರಿನ ಹೆಂಚಿನ ಮನೆಗಳು ಹೆಚ್ಚು. ಎರಡೂ ಕಡೆ ಮಳೆಯ ಪ್ರಮಾಣವೇ ಮನೆಯ ತಲೆಯನ್ನು ತೀರ್ಮಾನಿಸಿದೆ. ಮಳೆಗಾಲದಲ್ಲಿ ಹಳೆಯ ಮಾಳಿಗೆಯ ಮೇಲೆ ಹತ್ತಬಾರದು. ಹಸಿ ಮಣ್ಣಿನ ಭಾರವನ್ನೇ ಜಂತಿಗಳು ಕಷ್ಟದಿಂದ ಹೊತ್ತಿರುತ್ತವೆ.

ಫೋಟೊಗೆ ಅನುಮತಿ ಕೇಳುವುದು ಎಲ್ಲರಿಗೂ ತಿಳಿದದ್ದೇ. ತೆಗೆದ ಚಿತ್ರಗಳಲ್ಲಿ ಕಂಬ, ಬಾಗಿಲು, ಮಾಳಿಗೆಯವುಗಳನ್ನು ಅಚ್ಚು ಹಾಕಿಸಿ ಮನೆಯವರಿಗೆ ತಲುಪಿಸಿರಿ, ಹಿಂಬದಿಯಲ್ಲಿ ತಾರೀಖನ್ನೂ ಕೋಣೆಯ ಹೆಸರನ್ನೂ ಬರೆದಿರಿ. ಮುಂದೆ ಬಡಿಗರು ದುರಸ್ತಿಗೆ ಬಂದಾಗ ಯಾವ ಕಂಬ ಎಲ್ಲಿತ್ತೆಂದು ತೋರಿಸಲು ಅವರ ಕೈಯಲ್ಲಿ ಅದೊಂದಿರುತ್ತದೆ.