ಹಳೇ ಕಿನ್ನರಿ ಕಥೆಯ ಸಿನಿಮಾ ನೋಡೋದು ಹೇಗೆ

ಇಂಥ ಸಿನಿಮಾಗಳಿಗೆ ಕತ್ತಲೆ ಬೇಕು. ಚಿತ್ರದುರ್ಗದ ನಮ್ಮ ಮನೆಯಲ್ಲಿ ರಾತ್ರಿ ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಟ್ಯೂಬ್‌ಲೈಟ್ ಆರಿಸುತ್ತೇನೆ. ಮಂಡಕ್ಕಿ, ಮೆಣಸಿನಕಾಯಿ ಮೊದಲೇ ಮುಗಿಸಿಬಿಡಿ. ಕರುಂ ಕುರುಂ ಸದ್ದಿನಲ್ಲಿ ಎಲ್ಲ ಹಾಳಾಗುತ್ತದೆ.

ಶುರುವಿಗೆ ಝಾನ್ ಕಾಕ್ತೋ ಅವರ 1946ರ ಫ್ರೆಂಚ್ ಸಿನಿಮಾ ‘ಬ್ಯೂಟಿ ಆ್ಯಂಡ್ ದಿ ಬೀಸ್ಟ್’ ಹಾಕಿ. ಮೃಗದ ಅರಮನೆಗೆ ಹೋಗುವ ಹುಡುಗಿಯ ಕಥೆ ಗೊತ್ತಿರುವುದೇ, ಅದರ ಹಿಂದೆ ಓಡಬೇಡಿ. ಅರಮನೆಯ ಗೋಡೆಯಿಂದ ಮನುಷ್ಯರ ಕೈಗಳು ಚಾಚಿಕೊಂಡು ದೀಪ ಹಿಡಿದಿರುತ್ತವೆ. ಅಲ್ಲಿ ನಿಲ್ಲಿಸಿ, ಮತ್ತೊಮ್ಮೆ ನೋಡಿ. ಮೇಣದಬತ್ತಿಗಳು ತಾವೇ ಹೊತ್ತಿಕೊಳ್ಳುತ್ತವೆ, ಅಲ್ವಾ? ಅವು ಆರುವುದನ್ನು ಚಿತ್ರಿಸಿ, ರೀಲನ್ನು ಉಲ್ಟಾ ಓಡಿಸಿದ್ದಾರೆ. ಅದಕ್ಕೇ ಅದೇ ದೃಶ್ಯದಲ್ಲಿರುವ ಹುಡುಗಿಯ ಅಪ್ಪನ ನಡಿಗೆಯಲ್ಲೂ ಏನೋ ಸರಿಯಿಲ್ಲ ಅನಿಸುತ್ತದೆ. ನಿಜವಾದ ಕೈ, ನಿಜವಾದ ಬೆಂಕಿ. ಈ ಅಳುಕು ಕಂಪ್ಯೂಟರ್ ಗ್ರಾಫಿಕ್ಸಿನಲ್ಲಿ ನನಗೆ ಸಿಕ್ಕಿಲ್ಲ.

ಆಮೇಲೆ ಲೊಟ್ಟೆ ರೈನಿಗರ್ ಅವರ 1926ರ ‘ಪ್ರಿನ್ಸ್ ಅಹ್ಮದ್’. ಮಾತಿಲ್ಲ. ಕತ್ತರಿಸಿ ಮಾಡಿದ ಕಪ್ಪು ಆಕೃತಿಗಳೇ ಪಾತ್ರಗಳು. ತೊಗಲುಗೊಂಬೆ ಆಟ ನೋಡಿದವರ ಕಣ್ಣು ಬೇಗ ಒಗ್ಗುತ್ತದೆ. ಮುಖದ ಭಾವ ಕಾಣದು, ಬೆರಳುಗಳನ್ನು ಗಮನಿಸಿ.

ಚಿಕ್ಕ ಮಕ್ಕಳು ಹೆದರಿದರೆ ಸುಮ್ನೆ ಗದರಬೇಡಿ. ಲೈಟ್ ಹಾಕಿ, ಆ ಟ್ರಿಕ್ ಹೇಗೆ ಮಾಡಿದರು ಅಂತ ಹೇಳಿ, ಆಮೇಲೆ ಮುಂದುವರಿಸಿ.