ಜ್ಯಾಬ್ ಮುಟ್ಟುತ್ತಿಲ್ಲವೇ? ಪಾದದಿಂದ ಸರಿಪಡಿಸಿ

ಬಾಕ್ಸಿಂಗ್‌ನ ಸ್ಪಾರಿಂಗ್‌ನಲ್ಲಿ (ಜೊತೆಗಾರನೊಡನೆ ಅಭ್ಯಾಸದ ಕಾದಾಟ) ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ನಾಲ್ಕು ಬೆರಳು ಕಮ್ಮಿ ಬಿದ್ದರೆ ಹೊಸಬರು ಕೂಡಲೇ ಸೊಂಟ ಬಗ್ಗಿಸುತ್ತಾರೆ. ತಲೆ ಮುಂಗಾಲಿನ ಮಂಡಿ ದಾಟಿತೋ, ಎದುರಾಳಿಯ ಬಲಗೈಗೆ ಮುಖ ಕೊಟ್ಟ ಹಾಗೆ. ಆ ನಾಲ್ಕು ಬೆರಳನ್ನು ಪಾದವೇ ತುಂಬಬೇಕು.

ದಾವಣಗೆರೆಯ ಗರಡಿಗಳಲ್ಲಿ ಸಾಮು ಮಾಡಿ ಬಾಕ್ಸಿಂಗ್‌ಗೆ ಬಂದವರಿಗೆ ಇದು ಇನ್ನೂ ಕಷ್ಟ. ಕುಸ್ತಿಯಲ್ಲಿ ಮಣ್ಣಿಗೆ ಇಡೀ ಪಾದ ಊರಿ, ಬೆನ್ನು ಬಾಗಿಸಿ, ಕೈ ಚಾಚಿ ಹಿಡಿತಕ್ಕೆ ಹೋಗುವುದೇ ರೂಢಿ. ತೊಡೆಯ ಆ ಬಲ ಉಳಿಸಿಕೊಳ್ಳಿ, ಬಾಗಿದ ಬೆನ್ನು ಬಿಡಿ.

ಬಲಗೈಯವರಾದರೆ ಎಡಗಾಲು ಮುಂದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದ ಗೆರೆ ಎಳೆದು ಎರಡೂ ಪಾದಗಳನ್ನು ಅದರ ಆಚೆ ಈಚೆ ಇಡಿ, ನಡುವೆ ಹೆಗಲಗಲ ಅಂತರ ಇರಲಿ. ಒಂದೇ ಗೆರೆಯ ಮೇಲೆ ಎರಡೂ ಪಾದ ಬಂದರೆ ಪಕ್ಕದಿಂದ ಸಣ್ಣ ಪೆಟ್ಟು ಬಿದ್ದರೂ ತೂರಾಡುತ್ತೀರಿ. ಹಿಂಗಾಲಿನ ಹಿಮ್ಮಡಿ ಒಂದು ಇಂಚು ಎದ್ದಿರಲಿ.

ಮುಂದೆ ಹೋಗಲು ಮುಂಗಾಲು ಮೊದಲು, ಹಿಂದೆ ಸರಿಯಲು ಹಿಂಗಾಲು ಮೊದಲು. ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಹೆಜ್ಜೆ ಅರ್ಧ ಗೇಣು ಸಾಕು. ತಪ್ಪಾಗುವುದು ಎರಡನೇ ಪಾದದಲ್ಲಿ: ಅದು ಕಮ್ಮಿ ಸರಿದರೆ ಮೂರೇ ಹೆಜ್ಜೆಗೆ ಕಾಲು ಅಗಲವಾಗಿ ಕೂತುಹೋಗುತ್ತದೆ, ಜಾಸ್ತಿ ಸರಿದರೆ ಕಾಲು ಕೂಡಿಕೊಂಡು ತಳವೇ ಇರುವುದಿಲ್ಲ. ಪರೀಕ್ಷೆಗೆ ಸಡಿಲ ಮಣ್ಣಿನ ಮೇಲೆ ಬರಿಗಾಲಲ್ಲಿ, ಪಾದ ಎತ್ತದೆ ಸವರಿಕೊಂಡು ಹತ್ತು ಹೆಜ್ಜೆ ಹಾಕಿ ತಿರುಗಿ ನೋಡಿ. ಎರಡು ಗೀರುಗಳು ರೈಲು ಹಳಿಯಂತೆ ಸಮನಾಗಿದ್ದರೆ ಸರಿ. ಹಿಂಗಾಲಿನ ಗೀರು ಒಳಕ್ಕೆ ವಾಲಿದ್ದರೆ ಕಾಲು ಅಡ್ಡ ಹೋಗುತ್ತಿದೆ ಎಂದರ್ಥ.

ಇನ್ನು ಅಂತರ. ಜೊತೆಗಾರನನ್ನು ಎದುರು ನಿಲ್ಲಿಸಿ, ಬಾಗದೆ, ಹೆಗಲು ಪೂರ್ತಿ ತಿರುಗಿಸಿ ಜ್ಯಾಬ್ ಚಾಚಿ. ಗ್ಲೌಸ್ ಅವನ ಹಣೆಗೆ ತಾಗುವ ಜಾಗದಲ್ಲಿ ನಿಮ್ಮ ಮುಂಗಾಲಿನ ತುದಿಗೆ ಗೆರೆ ಹಾಕಿ. ಅಲ್ಲಿಂದ ಅರ್ಧ ಗೇಣು ಹಿಂದಕ್ಕೆ ಬಂದರೆ ಅದು ನೀವು ಕಾಯುವ ಜಾಗ. ಆಮೇಲೆ ಅವನೂ ನಿಧಾನವಾಗಿ ಕೈ ಚಾಚಲಿ. ಅವನ ಕೈ ಅಲ್ಲಿಗೂ ಮುಟ್ಟಿದರೆ ಇನ್ನೂ ಹಿಂದೆ ನಿಲ್ಲಿ, ಅವನ ಜ್ಯಾಬ್ ತಪ್ಪಿಸಿದ ಮೇಲೆಯೇ ಒಳಗೆ ನುಗ್ಗಿ. ಎತ್ತರದವನ ಮುಂದೆ ಗಿಡ್ಡವರು ಸೋಲುವುದು ಬಹುಪಾಲು ಈ ಲೆಕ್ಕ ತಪ್ಪಿದಾಗ.

ಎರಡೆರಡು ನಿಮಿಷದ ಮೂರು ಸುತ್ತು ಮಾಡಿ. ಮೊದಲನೆಯದರಲ್ಲಿ ಹೊಡೆತವೇ ಬೇಡ: ಅವನು ಓಡಾಡಲಿ, ನೀವು ಅದೇ ಅಂತರ ಕಾಯಿರಿ. ಕಣ್ಣು ಅವನ ಎದೆಯ ಮೇಲಿರಲಿ, ನಿಮ್ಮ ಪಾದದ ಮೇಲಲ್ಲ. ಎರಡನೆಯದರಲ್ಲಿ ಬರೀ ಜ್ಯಾಬ್, ಅವನ ಹೆಗಲಿಗೆ. ಮುಂಗಾಲು ನೆಲ ಮುಟ್ಟುವುದೂ ಗ್ಲೌಸ್ ಹೆಗಲು ಮುಟ್ಟುವುದೂ ಒಟ್ಟಿಗೇ ಆಗಬೇಕು. ಪಾದ ಮುಂಚೆ ಬಿದ್ದರೆ ಅವನಿಗೆ ಸುಳಿವು ಸಿಗುತ್ತದೆ, ತಡವಾದರೆ ಹೊಡೆತದಲ್ಲಿ ಮೈಭಾರ ಇರುವುದಿಲ್ಲ. ಮೂರನೆಯದು ಹಗುರ ಸ್ಪಾರಿಂಗ್: 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್, ಮೌತ್‌ಗಾರ್ಡ್ ಕಡ್ಡಾಯ.

ನೇರ ಹಿಂದಕ್ಕೆ ಎರಡು ಹೆಜ್ಜೆಗಿಂತ ಹೆಚ್ಚು ಹೋಗಬೇಡಿ. 6.1 ಮೀಟರ್ ರಿಂಗ್‌ನಲ್ಲಿ ನಟ್ಟನಡುವಿನಿಂದ ಹಗ್ಗಕ್ಕೆ ಇರುವುದು ಮೂರೇ ಮೀಟರ್. ಎರಡನೇ ಹೆಜ್ಜೆಗೆ ಮುಂಗಾಲಿನ ಮೇಲೆ ತಿರುಗಿ ಪಕ್ಕಕ್ಕೆ ಬನ್ನಿ. ಎದುರಾಳಿ ಎಡಗೈಯವನಾದರೆ ನಿಮ್ಮ ಮುಂಗಾಲು ಅವನ ಮುಂಗಾಲಿನ ಹೊರಗಿರಲಿ, ಆಗ ನಿಮ್ಮ ಬಲಗೈಗೆ ದಾರಿ ನೇರ ಸಿಗುತ್ತದೆ.

ದಣಿದಾಗ ಮೊದಲು ಕೆಡುವುದು ಹಿಂಗಾಲು. ಹಿಮ್ಮಡಿ ನೆಲಕ್ಕೆ ಅಂಟಿದ್ದು ಕಂಡರೆ ಸುತ್ತು ಅಲ್ಲಿಗೇ ನಿಲ್ಲಿಸಿ.